ಬಣ್ಣ ಬಳಿಯುವ ಮೊದಲು ಓದುವವರು ಯಾರೆಂದು ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಇತ್ತೀಚೆಗೆ ಟರ್ಮಿನಲ್ ಪ್ರೋಗ್ರಾಂಗಳಿಗೆ ಬಣ್ಣ ತುಂಬುವ ಬಗೆಯನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೊಬೈಲ್ ಆ್ಯಪ್‌ಗಳ ಗದ್ದಲದ ನಡುವೆ ಕಪ್ಪು ತೆರೆಯ ಪ್ರೋಗ್ರಾಂಗಳಿಗೂ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟಿತಲ್ಲ ಎಂದು ಸಂತೋಷವೂ ಆಯಿತು. ಲೇಖನದಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇದೆ. ನನ್ನ ತಕರಾರೇನಿದ್ದರೂ ಹೇಳದೆ ಬಿಟ್ಟದ್ದರ ಬಗ್ಗೆ. ಬಣ್ಣ ಬಳಿಯುವುದನ್ನು ಕಲಿಸಿದಿರಿ. ಯಾರ ಕಣ್ಣಿಗೆ, ಯಾವ ತೆರೆಗೆ, ಬಳಿಯಬೇಕೋ ಬೇಡವೋ ಎಂದು ಪ್ರೋಗ್ರಾಂ ಮೊದಲು ವಿಚಾರಿಸಬೇಕೆಂಬುದನ್ನು ಕಲಿಸಲಿಲ್ಲ. ನಮ್ಮ ಪಠ್ಯಪುಸ್ತಕಗಳೂ ಕಲಿಸುವುದಿಲ್ಲ. ಅದರ ಫಲವನ್ನು ಉಣ್ಣುವವರು ನನ್ನಂಥವರು.

ನಾನು ತುಮಕೂರು ಜಿಲ್ಲೆಯ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ವಿಭಾಗದ ಬೋಧಕಿ. ಪಾಠದ ಕೊಠಡಿಗಿಂತ ಲ್ಯಾಬಿನಲ್ಲಿ ನಿಂತು ಹುಡುಗರ ಬೆನ್ನ ಹಿಂದಿನಿಂದ ತೆರೆ ನೋಡುವ ಹೊತ್ತೇ ಹೆಚ್ಚು.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಟರ್ಮಿನಲ್ ಎಂದರೆ ಚಿತ್ರ, ಗುಂಡಿ ಯಾವುದೂ ಇಲ್ಲದೆ ಬರೀ ಅಕ್ಷರಗಳಲ್ಲಿ ವ್ಯವಹರಿಸುವ ಕಿಟಕಿ. ಬ್ಯಾಂಕಿನ ಕೌಂಟರಿನ ಆಚೆ, ಟಿಕೆಟ್ ಕಾಯ್ದಿರಿಸುವ ಕಿಂಡಿಯ ಆಚೆ ಇಂಥ ತೆರೆಯನ್ನು ಹಿರಿಯರು ಕಂಡಿರುತ್ತಾರೆ. ಇದರಲ್ಲಿ ಒಂದು ಪದ ಕೆಂಪಾಗಿ ಕಾಣಬೇಕೆಂದರೆ ಆ ಪದದ ಮುಂದೆ ಒಂದು ಗುಟ್ಟಿನ ಸಂಕೇತ ಕಳುಹಿಸಬೇಕು: ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಅಕ್ಷರ, ಅದರ ಬೆನ್ನಿಗೇ ಒಂದು ಚೌಕ ಆವರಣ, 31 ಎಂಬ ಸಂಖ್ಯೆ, ಕೊನೆಗೆ ಇಂಗ್ಲಿಷಿನ ಸಣ್ಣ ‘ಎಂ’. ಹಸಿರಿಗೆ 32, ಹಳದಿಗೆ 33, ದಪ್ಪ ಅಕ್ಷರಕ್ಕೆ 1, ಅಡಿಗೆರೆಗೆ 4. ಎಲ್ಲವನ್ನೂ ಕಳಚಿ ಮೊದಲಿನಂತಾಗಲು 0. ಈ ಸೊನ್ನೆಯನ್ನು ಕಳುಹಿಸಲು ಮರೆತರೆ ಆಮೇಲೆ ಬರುವುದೆಲ್ಲ ಕೆಂಪೇ. ಅರ್ಧದಲ್ಲಿ ಪ್ರೋಗ್ರಾಂ ನಿಲ್ಲಿಸಿ ಒಬ್ಬ ಎದ್ದು ಹೋಗುತ್ತಾನೆ. ಮುಂದಿನ ಬ್ಯಾಚಿನವನು ಬಂದು ಕುಳಿತು, ಯಂತ್ರಕ್ಕೆ ವೈರಸ್ ಹಿಡಿದಿದೆ ಎಂದು ನನ್ನನ್ನು ಕರೆಯುತ್ತಾನೆ.

ಈ ಸಂಕೇತಗಳಿಗೆ ಅಮೆರಿಕದಲ್ಲಿ 1979ರಲ್ಲಿ ಅಧಿಕೃತ ಮಾನದಂಡದ ರೂಪ ಬಂತು. ಇವನ್ನು ಮನೆಮಾತಾಗಿಸಿದ್ದು ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100 ಎಂಬ ಟರ್ಮಿನಲ್ ಯಂತ್ರ. ಅದರ ತೆರೆಯಲ್ಲಿ 80 ಅಂಕಣ, 24 ಸಾಲು. ವಿಚಿತ್ರವೆಂದರೆ ಆ ಯಂತ್ರಕ್ಕೆ ಬಣ್ಣವೇ ಇರಲಿಲ್ಲ. ಎದ್ದು ಕಾಣಬೇಕಾದದ್ದನ್ನು ದಪ್ಪಗೆ ಬರೆದೋ, ಅಡಿಗೆರೆ ಎಳೆದೋ, ಮಿನುಗಿಸಿಯೋ, ಹಿನ್ನೆಲೆಯನ್ನು ತಿರುಗುಮುರುಗು ಮಾಡಿಯೋ ತೋರಿಸುತ್ತಿದ್ದರು. ಆ ಬಡತನದಲ್ಲಿ ಒಂದು ಶಿಸ್ತು ಇತ್ತು. ಹೇಳಬೇಕಾದದ್ದನ್ನು ಅಕ್ಷರದಲ್ಲೇ ಹೇಳಬೇಕಿತ್ತು.

ನನ್ನ ತಲೆಮಾರಿನವರು ಕಲಿತದ್ದು ಸಿ ಭಾಷೆಯ ಪ್ರೋಗ್ರಾಂ ಬರೆಯುವ ಟರ್ಬೊ ಸಿ ಎಂಬ ತಂತ್ರಾಂಶದ ನೀಲಿ ತೆರೆಯಲ್ಲಿ. ಬಣ್ಣದ ಸಂಖ್ಯೆಗೆ 128 ಕೂಡಿಸಿದರೆ ಅಕ್ಷರ ಮಿನುಗುತ್ತಿತ್ತು. ಹುಟ್ಟುಹಬ್ಬದ ಶುಭಾಶಯ ಮಿನುಗಿಸದ ವಿದ್ಯಾರ್ಥಿಯೇ ಇರಲಿಲ್ಲ. ಆ ಬಣ್ಣದ ಆಜ್ಞೆಗಳು ಇಂದಿನ ಲಿನಕ್ಸ್ ಲ್ಯಾಬಿನಲ್ಲಿ ನಡೆಯುವುದಿಲ್ಲ. ಹುಡುಗರು ಎಸ್ಕೇಪ್ ಸಂಕೇತಗಳಿಗೆ ದಾಟಿಕೊಂಡಿದ್ದಾರೆ. ಆಸೆ ಮಾತ್ರ ಅದೇ.

ಆಸೆಯನ್ನು ನಾನು ಹಳಿಯುವುದಿಲ್ಲ. ಸಾವಿರ ಸಾಲುಗಳು ಹರಿದು ಹೋಗುವಾಗ ಒಂದು ಕೆಂಪು ಸಾಲು ಕಣ್ಣನ್ನು ಹಿಡಿದು ನಿಲ್ಲಿಸುವುದು ದೊಡ್ಡ ಉಪಕಾರವೇ. ತೊಂದರೆ ಶುರುವಾಗುವುದು ಆ ಸಾಲುಗಳು ತೆರೆ ಬಿಟ್ಟು ಹೊರಗೆ ಹೊರಟಾಗ. ಲ್ಯಾಬ್ ರೆಕಾರ್ಡಿಗಾಗಿ ವಿದ್ಯಾರ್ಥಿಗಳು ಪ್ರೋಗ್ರಾಮಿನ ಔಟ್‌ಪುಟ್ ಅನ್ನು ಕಡತಕ್ಕೆ ತಿರುಗಿಸಿ ಮುದ್ರಿಸುತ್ತಾರೆ. ಕಾಗದಕ್ಕೆ ಎಸ್ಕೇಪ್ ಸಂಕೇತ ಏನು ಗೊತ್ತು? ಪ್ರತಿ ಸಾಲಿನ ಮೊದಲಿಗೆ ಚೌಕ ಆವರಣ, 31, ಎಂ. ಕೊನೆಗೆ ಚೌಕ ಆವರಣ, ಸೊನ್ನೆ, ಎಂ. ಒಮ್ಮೆ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಅವುಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ಇದೇನೆಂದು ಕೇಳಿದರು. ಹುಡುಗ ತಲೆ ಎತ್ತದೆ ‘ಪ್ರಿಂಟರ್ ದೋಷ ಸರ್’ ಎಂದ. ಪರೀಕ್ಷಕರು ಒಪ್ಪಿಕೊಂಡರು. ಪಾಪದ ಪ್ರಿಂಟರ್!

ಮುದ್ರಣದ ಅವಮಾನವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಹಾನಿ ಇನ್ನೊಂದಿದೆ. ‘ಎರರ್’ ಎಂಬ ಪದದಿಂದ ಆರಂಭವಾಗುವ ಸಾಲುಗಳೆಷ್ಟಿವೆ ಎಂದು, ಕಡತದೊಳಗೆ ಪದ ಹುಡುಕುವ ಗ್ರೆಪ್ ಆಜ್ಞೆಯಿಂದ ಎಣಿಸಲು ಹೊರಟರೆ ಉತ್ತರ ಸೊನ್ನೆ ಬರುತ್ತದೆ. ತೆರೆಯ ಮೇಲೆ ನೋಡಿದರೆ ಸಾಲು ಸಾಲು ಎರರ್. ಗ್ರೆಪ್ ಸುಳ್ಳು ಹೇಳುತ್ತಿಲ್ಲ. ಆ ಸಾಲುಗಳು ಈಗ ಆರಂಭವಾಗುವುದು ಎಸ್ಕೇಪ್ ಅಕ್ಷರದಿಂದ. ರಾತ್ರಿಯೆಲ್ಲ ತಾನಾಗಿ ಓಡುವ ಪ್ರೋಗ್ರಾಮಿನ ದಾಖಲೆಯನ್ನು ಇನ್ನೊಂದು ಪ್ರೋಗ್ರಾಂ ಓದಿ ಎಚ್ಚರಿಸಬೇಕಾದ ಕಡೆ ಹೀಗಾದರೆ ಬೆಳಗಿನವರೆಗೆ ಯಾರಿಗೂ ಸುದ್ದಿಯೇ ಇಲ್ಲ.

ಇದಕ್ಕೆ ಮದ್ದು ಹಳೆಯದು, ಅಗ್ಗದ್ದು. ‘ನಾನು ಬರೆಯುತ್ತಿರುವುದು ನಿಜವಾದ ಟರ್ಮಿನಲ್‌ಗೋ, ಕಡತಕ್ಕೋ, ಇನ್ನೊಂದು ಪ್ರೋಗ್ರಾಮಿನ ಬಾಯಿಗೋ’ ಎಂದು ಕೇಳುವ ಇಸ್‌ಎಟಿಟಿವೈ (isatty) ಎಂಬ ಫಂಕ್ಷನ್, ಲಿನಕ್ಸ್ ಸೇರಿದ ಯುನಿಕ್ಸ್ ಕುಲದ ಎಲ್ಲ ಕಾರ್ಯವ್ಯವಸ್ಥೆಗಳಲ್ಲೂ ಇದೆ. ಪೈಥಾನ್ ಭಾಷೆಯಲ್ಲೂ ಅದೇ ಹೆಸರಿನಲ್ಲಿ ಸಿಗುತ್ತದೆ. ಕಡತಗಳ ಪಟ್ಟಿ ಕೊಡುವ ಎಲ್‌ಎಸ್ ಆಜ್ಞೆಗೆ ಬಣ್ಣದ ಆಯ್ಕೆಯನ್ನು ‘ಆಟೊ’ ಎಂದು ಇಟ್ಟರೆ ಅದು ಮಾಡುವುದು ಇದನ್ನೇ: ತೆರೆಯಾದರೆ ಬಣ್ಣ, ಕಡತವಾದರೆ ಬರೀ ಹೆಸರು. ಒಂದೇ ಒಂದು ‘ಇಫ್’, ಎಂದರೆ ‘ಹೀಗಿದ್ದರೆ’ ಎಂಬ ಷರತ್ತು. ನಿಮ್ಮ ಲೇಖನದ ಮಾದರಿ ಪ್ರೋಗ್ರಾಮಿನಲ್ಲಿ ಅದಕ್ಕೊಂದು ಸಾಲು ಸಿಗಬಾರದಿತ್ತೇ?

ಟರ್ಮಿನಲ್ ಎದುರು ಕುಳಿತೂ ಬಣ್ಣ ಬೇಡವೆನ್ನುವವರಿದ್ದಾರೆ. ಅವರಿಗಾಗಿ 2017ರಲ್ಲಿ ‘ನೋ ಕಲರ್’ ಎಂಬ ಸರಳ ಒಪ್ಪಂದವೊಂದು ಹುಟ್ಟಿತು. ಆ ಹೆಸರಿನ ಪರಿಸರ ಚರವೊಂದನ್ನು (ಪ್ರೋಗ್ರಾಂಗಳೆಲ್ಲ ಓದಬಲ್ಲ ಸೆಟ್ಟಿಂಗ್ ಒಂದನ್ನು) ಖಾಲಿ ಬಿಡದೆ ಏನಾದರೊಂದು ಬೆಲೆ ಕೊಟ್ಟು ಇಟ್ಟಿದ್ದರೆ, ಪ್ರೋಗ್ರಾಂ ತಾನಾಗಿ ಬಣ್ಣ ಸೇರಿಸಬಾರದು. ಯಾವ ಸರ್ಕಾರವೂ ಯಾವ ಸಂಸ್ಥೆಯೂ ಇದನ್ನು ಕಾಯಿದೆ ಮಾಡಲಿಲ್ಲ. ಆದರೂ ಅನೇಕ ಪ್ರೋಗ್ರಾಂಗಳು ಪಾಲಿಸುತ್ತವೆ. ಪೈಥಾನ್‌ನವರು ಮೆಚ್ಚುವ ‘ರಿಚ್’ ಎಂಬ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಇದನ್ನೂ ತೆರೆಯೋ ಕಡತವೋ ಎಂಬುದನ್ನೂ ತಾನೇ ವಿಚಾರಿಸಿಕೊಳ್ಳುತ್ತದೆ. ಕೈಯಿಂದ ಸಂಕೇತ ಬರೆಯಲು ಸೋಮಾರಿತನವೆನಿಸಿದವರು ಅದನ್ನು ಬಳಸಲಿ, ನನ್ನ ಅಭ್ಯಂತರವಿಲ್ಲ.

ಇನ್ನು ಬಣ್ಣ ಕಾಣದ ಕಣ್ಣುಗಳ ವಿಷಯ. ನಮ್ಮಲ್ಲಿ ಶಿರಾ ಕಡೆಯ ಒಬ್ಬ ಹುಡುಗನಿದ್ದ. ಅವನ ತಂಡದವನು ಬರೆದ ಪರೀಕ್ಷಾ ಪ್ರೋಗ್ರಾಂ ಪ್ರತಿ ಪರೀಕ್ಷೆಯ ಹೆಸರನ್ನು ಒಂದೊಂದು ಸಾಲಿನಲ್ಲಿ ತೋರಿಸುತ್ತಿತ್ತು. ಗೆದ್ದದ್ದು ಹಸಿರು, ಸೋತದ್ದು ಕೆಂಪು. ‘ಪಾಸ್’ ‘ಫೇಲ್’ ಎಂಬ ಪದವಿಲ್ಲ, ಒಂದು ಗುರುತಿಲ್ಲ. ತಂಡದವರೆಲ್ಲ ತೆರೆಯ ಕಡೆ ಬೆರಳು ತೋರಿ ಮಾತಾಡುತ್ತಿದ್ದರೆ ಈ ಹುಡುಗ ಮುಂದಕ್ಕೆ ಬಾಗಿ, ತಲೆ ವಾರೆ ಮಾಡಿ, ತೆರೆಯ ಬೆಳಕನ್ನು ಹೆಚ್ಚಿಸಿ, ಕೊನೆಗೆ ಮೆಲ್ಲಗೆ ನನ್ನನ್ನು ಕರೆದು ‘ಮೇಡಂ, ಇದರಲ್ಲಿ ಯಾವುದು ಸೋತಿದೆ?’ ಎಂದು ಕೇಳಿದ. ಅವನಿಗೆ ಎರಡೂ ಒಂದೇ ಬಗೆಯ ಕಂದು. ಅವನಣ್ಣನಿಗೂ ಹಾಗೆಯೇ, ಚುಕ್ಕೆಗಳ ನಡುವೆ ಅಡಗಿದ ಅಂಕಿ ಹುಡುಕುವ ಇಶಿಹಾರ ಪರೀಕ್ಷೆಯಲ್ಲಿ ಅಂಕಿ ಕಾಣದೆ ಕೈಗೆ ಬಂದಿದ್ದ ಕೆಲಸ ಕಳೆದುಕೊಂಡವನು. ಕೆಂಪು ಹಸಿರಿನ ಈ ಗೊಂದಲ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಮಗನಿಗೆ ಬರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಇದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಗಂಡುಹುಡುಗರೇ ತುಂಬಿದ ಡಿಪ್ಲೊಮಾ ತರಗತಿಯಲ್ಲಿ ಒಬ್ಬನಾದರೂ ಸಿಗುತ್ತಾನೆ. ಎಷ್ಟೋ ಸಲ ಅವನಿಗೇ ಅದು ತಿಳಿದಿರುವುದಿಲ್ಲ.

ರಸ್ತೆಯ ಸಿಗ್ನಲ್ ದೀಪವನ್ನು ನೋಡಿ: ಕೆಂಪು ಯಾವಾಗಲೂ ಮೇಲೆ, ಹಸಿರು ಕೆಳಗೆ. ಬಣ್ಣ ಕಾಣದವನೂ ಜಾಗ ನೋಡಿ ಗಾಡಿ ನಿಲ್ಲಿಸುತ್ತಾನೆ. ಒಳ್ಳೆಯ ಟರ್ಮಿನಲ್ ಪ್ರೋಗ್ರಾಂಗಳೂ ಹೀಗೆಯೇ ಎರಡೆರಡು ದಾರಿ ಇಟ್ಟುಕೊಂಡಿರುತ್ತವೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಲು ನಮ್ಮ ಹುಡುಗರು ದಿನವೂ ಬಳಸುವ ಜಿಸಿಸಿ ಕಂಪೈಲರ್ ಸಂದೇಶಗಳಿಗೆ ಬಣ್ಣ ಬಂದದ್ದು 2014ರ 4.9ನೆಯ ಆವೃತ್ತಿಯಲ್ಲಿ. ತಪ್ಪು ಕೆಂಪು, ಎಚ್ಚರಿಕೆ ನೇರಳೆಗೆಂಪು. ಆದರೆ ‘ಎರರ್’, ‘ವಾರ್ನಿಂಗ್’ ಎಂಬ ಪದಗಳು ಮೊದಲಿದ್ದ ಹಾಗೆಯೇ ಇವೆ, ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಇದೆ, ತಪ್ಪಿದ ಜಾಗದ ಕೆಳಗೆ ಒಂದು ಬಾಣದ ತಲೆಯ ಗುರುತೂ ಇದೆ. ಬಣ್ಣವನ್ನು ಒರೆಸಿ ಹಾಕಿ, ಒಂದು ಮಾಹಿತಿಯೂ ಕಳೆದುಹೋಗುವುದಿಲ್ಲ. ಪ್ರೋಗ್ರಾಮಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಅಳಿಸಿದ ಸಾಲು ಕೆಂಪು, ಸೇರಿಸಿದ ಸಾಲು ಹಸಿರು. ಜೊತೆಗೆ ಸಾಲಿನ ತಲೆಗೆ ಮೈನಸ್, ಪ್ಲಸ್. ಶಿರಾದ ಹುಡುಗ ಗಿಟ್ ಅನ್ನು ಸಲೀಸಾಗಿ ಬಳಸಿದ. ಸೋತದ್ದು ತನ್ನ ಗೆಳೆಯನ ಪ್ರೋಗ್ರಾಮಿನ ಮುಂದೆ ಮಾತ್ರ.

ಇಲ್ಲಿ ಇನ್ನೊಂದು ಭ್ರಮೆಯನ್ನೂ ಹೇಳಿಬಿಡುತ್ತೇನೆ. 31 ಎಂದರೆ ಕೆಂಪು ಎಂದು ನಿಮ್ಮ ಲೇಖಕರು ಬರೆದರು, ನಾನೂ ಮೇಲೆ ಹಾಗೆಯೇ ಬರೆದೆ. ಅದು ಎಂಥ ಕೆಂಪು ಎಂದು ತೀರ್ಮಾನಿಸುವುದು ಮಾತ್ರ ಓದುವವರ ಟರ್ಮಿನಲ್. ಕೆಲವರ ತೆರೆ ಕಪ್ಪು, ಕೆಲವರದ್ದು ಬಿಳಿ. ಕಪ್ಪಿನ ಮೇಲೆ ಚೆಂದ ಕಂಡ ಹಳದಿ ಬಿಳಿಯ ಮೇಲೆ ಮಾಯ. ಕಪ್ಪಿನ ಮೇಲಿನ ಗಾಢ ನೀಲಿಯಂತೂ ಶಿಕ್ಷೆ. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕನ್ಸೋಲಿನ, ಎಂದರೆ ಅದರ ಟರ್ಮಿನಲ್ ಕಿಟಕಿಯ, ಮೂಲ ಬಣ್ಣಗಳನ್ನೇ ಬದಲಾಯಿಸಿದಾಗ ಹಳೆಯ ನೀಲಿ ಇಂದಿನ ತೆರೆಗಳಲ್ಲಿ ಓದಲು ಕಷ್ಟವೆಂಬುದೂ ಒಂದು ಕಾರಣವಾಗಿತ್ತು. ಸೋಲರೈಸ್ಡ್ ಎಂಬ ಜನಪ್ರಿಯ ವರ್ಣವಿನ್ಯಾಸದಲ್ಲಿ ‘ಹೊಳೆಯುವ ಹಸಿರು’ ಕೇಳಿದರೆ ಬೂದು ಬಣ್ಣ ಸಿಗುತ್ತದೆ. ‘ಹೊಳೆಯುವ ಕಪ್ಪು’ ಕೇಳಿದರೆ ಅದರ ಕಪ್ಪು ಆವೃತ್ತಿಯಲ್ಲಿ ಅಕ್ಷರ ಹಿನ್ನೆಲೆಯೊಳಗೇ ಕರಗಿಹೋಗುತ್ತದೆ. ತನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡಿತೆಂಬುದು ಪುರಾವೆಯಲ್ಲ.

ನಿಮ್ಮದು ಕನ್ನಡ ಪತ್ರಿಕೆಯಾದ್ದರಿಂದ ಮುಂದಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲೇಖನದ ಉದಾಹರಣೆಗಳೆಲ್ಲ ಇಂಗ್ಲಿಷ್ ಹೆಸರುಗಳ ಅಂಕಪಟ್ಟಿ. ಹುಡುಗರು ಅದನ್ನೇ ಕನ್ನಡದಲ್ಲಿ ಮಾಡಲು ಹೋಗಿ ಕಂಗಾಲಾಗಿ ಬಂದರು. ಸಿ ಭಾಷೆಯಲ್ಲಿ ಹೆಸರಿಗೆ 20 ಜಾಗ ಮೀಸಲಿಟ್ಟು ಮುಂದೆ ಅಂಕ ಮುದ್ರಿಸಿದರೆ ‘ರವಿ’ಯ ಅಂಕ ದೂರ ಹೋಗಿ ನಿಲ್ಲುತ್ತದೆ, ‘ಲಕ್ಷ್ಮೀ’ಯ ಅಂಕ ಹೆಸರಿಗೇ ಅಂಟಿಕೊಳ್ಳುತ್ತದೆ. ಕಾರಣ, ಆ 20 ಎಂಬುದು ಬೈಟ್‌ಗಳ, ಎಂದರೆ ಕಂಪ್ಯೂಟರ್ ಸ್ಮೃತಿಯ ಚಿಕ್ಕ ತುಣುಕುಗಳ ಲೆಕ್ಕ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ರವಿ ಎಂದರೆ ರ, ವ, ಇಕಾರದ ಗುಡಿಸು: ಒಂಬತ್ತು ಬೈಟ್, ಮಿಕ್ಕ ಹನ್ನೊಂದು ಜಾಗ ಖಾಲಿ. ಲಕ್ಷ್ಮೀ ಎಂದರೆ ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಈಕಾರ: ಏಳು ಚಿಹ್ನೆ, ಇಪ್ಪತ್ತೊಂದು ಬೈಟ್. ಮೀಸಲು ಜಾಗ ಮುಗಿದು ಒಂದು ಹೆಚ್ಚೇ ಆಯಿತು, ಖಾಲಿ ಬಿಡಲು ಏನೂ ಉಳಿಯಲಿಲ್ಲ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ!

ಪೈಥಾನ್ ಬೈಟ್ ಬಿಟ್ಟು ಚಿಹ್ನೆಗಳನ್ನು ಎಣಿಸುತ್ತದೆ. ರವಿಗೆ ಮೂರು, ಲಕ್ಷ್ಮೀಗೆ ಏಳು. ಕೊಂಚ ವಾಸಿ, ಆದರೂ ಸೊಟ್ಟ. ಚೀನೀ, ಜಪಾನೀ ಅಕ್ಷರಗಳು ಎರಡು ಮನೆ ಅಗಲ ಎಂದು ಎಲ್ಲ ಲಿಪಿಗಳ ಮಾನದಂಡವಾದ ಯೂನಿಕೋಡ್ ಬರೆದಿಟ್ಟಿರುವುದರಿಂದ ಅವರ ಪಟ್ಟಿಗಳು ನೆಟ್ಟಗೆ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಸಿಕ್ಕಿರುವುದು ಇಂಗ್ಲಿಷಿನಷ್ಟೇ ಒಂದು ಮನೆ. ಅಗಲವಾದ ಅಕ್ಷರವೂ ಅದರ ಒತ್ತೂ ಆ ಒಂದು ಮನೆಯಲ್ಲಿ ಹಿಡಿಸದೆ ಪಕ್ಕದವರ ಮೇಲೆ ಬೀಳುತ್ತವೆ. ಇದರ ಮೇಲೆ ಬಣ್ಣ ಸೇರಿದರೆ ಕೇಳುವುದೇ ಬೇಡ. ‘ಕ’ ಎಂಬ ಅಕ್ಷರವನ್ನು ಗ್ರೆಪ್‌ನಿಂದ ಹುಡುಕಿ, ಸಿಕ್ಕಿದ್ದನ್ನು ಕೆಂಪಾಗಿ ತೋರಿಸು ಎಂದರೆ ಅದು ಲಕ್ಷ್ಮೀಯ ನಟ್ಟನಡುವೆ ಸಂಕೇತ ತೂರಿಸುತ್ತದೆ. ಕ ಒಂದು ಕಡೆ ಕೆಂಪಾಗಿ ನಿಂತು, ಅದರ ಷಕಾರದ ಒತ್ತು ಕಳಚಿ, ಕೆಲವು ಟರ್ಮಿನಲ್‌ಗಳಲ್ಲಿ ಅನಾಥ ಚಿಹ್ನೆ ಚುಕ್ಕೆಗಳ ವರ್ತುಲದ ಮೇಲೆ ಕುಳಿತಿರುತ್ತದೆ.

ಬಣ್ಣದ ಸಂಕೇತಗಳೂ ಈ ಎಣಿಕೆಯಲ್ಲಿ ಸೇರಿಕೊಳ್ಳುತ್ತವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೆಂಪು ಹಚ್ಚುವ ಸಂಕೇತ ಐದು ಅಕ್ಷರ, ಕಳಚುವುದು ನಾಲ್ಕು. ಕೆಂಪು ಸಾಲಿನ ಅಂಕಣ ಉಳಿದ ಸಾಲುಗಳಿಗಿಂತ ಒಂಬತ್ತು ಜಾಗ ಎಡಕ್ಕೆ ಸರಿಯುವುದು ಇದರಿಂದಲೇ. ಮೊದಲು ಅಳತೆಗೆ ತಕ್ಕಂತೆ ಖಾಲಿ ಜಾಗ ತುಂಬಿ, ಆಮೇಲೆ ಬಣ್ಣ ಸುತ್ತಿದರೆ ಆಯಿತು.

ಕನ್ನಡಕ್ಕೆ ನಾನು ಹೇಳಿಕೊಡುವ ಉಪಾಯ ಎರಡು. ಅಂಕಗಳನ್ನು ಮೊದಲು ಮುದ್ರಿಸಿ, ಕನ್ನಡದ ಹೆಸರನ್ನು ಕೊನೆಯ ಅಂಕಣಕ್ಕೆ ಹಾಕುವುದು. ಅದರ ಬಲಕ್ಕೆ ಏನೂ ಇಲ್ಲದ ಕಾರಣ ಅದು ಎಷ್ಟು ಅಗಲವಾದರೂ ಯಾರಿಗೂ ತೊಂದರೆಯಿಲ್ಲ. ಹೆಸರು ಮೊದಲೇ ಬೇಕೆಂದು ಹಟ ಹಿಡಿದರೆ, ಬಣ್ಣದ ಸಂಕೇತಗಳ ಕುಟುಂಬದ್ದೇ ಇನ್ನೊಂದು ಸಂಕೇತವಿದೆ: ಎಸ್ಕೇಪ್, ಚೌಕ ಆವರಣ, 30, ದೊಡ್ಡ ‘ಜಿ’. ಇದನ್ನು ಕಳುಹಿಸಿದರೆ ಕರ್ಸರ್ ನೇರವಾಗಿ 30ನೆಯ ಅಂಕಣಕ್ಕೆ ಹೋಗಿ ನಿಲ್ಲುತ್ತದೆ, ಹೆಸರು ಎಷ್ಟೇ ಬೈಟ್ ಇರಲಿ. ನಮ್ಮ ಹುಡುಗಿಯೊಬ್ಬಳು ಇದನ್ನು ಹಾಕಿ ಇಡೀ ತರಗತಿಯ ಪಟ್ಟಿಯನ್ನು ಓಡಿಸಿದಾಗ ಅಂಕಗಳು ನೂಲು ಹಿಡಿದಂತೆ ಒಂದರ ಕೆಳಗೊಂದು ಬಂದು ನಿಂತವು. ಇದೂ ತೆರೆಗೆ ಮಾತ್ರ ಸಲ್ಲುವ ವಿದ್ಯೆ. ಕಡತಕ್ಕೆ ಬರೆಯುವಾಗ ಸಾಲಿನ ಭಾಗಗಳ ನಡುವೆ ಒಂದೊಂದು ಟ್ಯಾಬ್ ಹಾಕಿ, ಲಿಬ್ರೆ ಆಫೀಸಿನಲ್ಲಿ ತೆರೆಯಿರಿ ಎನ್ನುತ್ತೇನೆ. ಯಾರಿಗೆ ಬರೆಯುತ್ತಿದ್ದೇನೆ ಎಂಬ ಪ್ರಶ್ನೆ ಇಲ್ಲಿಯೂ ತಪ್ಪಿದ್ದಲ್ಲ.

ದೃಷ್ಟಿಯಿಲ್ಲದವರು ತೆರೆಯನ್ನು ಕೇಳಿ ಓದುತ್ತಾರೆ. ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಬಣ್ಣವನ್ನು ಹೇಳದು. ಸುತ್ತುತ್ತಾ ಕೂರುವ ‘ದಯವಿಟ್ಟು ಕಾಯಿರಿ’ ಚಕ್ರವನ್ನು, ಗೆರೆಗಳಿಂದ ಕಟ್ಟಿದ ಪೆಟ್ಟಿಗೆಯ ಅಂಚನ್ನು ಮಾತ್ರ ಬಿಡದೆ ಒದರಬಹುದು. ನಿಮ್ಮ ಲೇಖನದ ಕೊನೆಯ ಚಿತ್ರದಲ್ಲಿದ್ದ ಪ್ರೋಗ್ರಾಂ ಅಂಥವರಿಗೆ ಬರೀ ಕಿರಿಕಿರಿ.

ಸಂಪಾದಕರೇ, ಇದನ್ನೆಲ್ಲ ಬರೆಯಲು ತಕ್ಷಣದ ಕಾರಣವೂ ಇದೆ. ಈ ಸಲದ ಕಿರು ಯೋಜನೆಗಳ ಮೌಲ್ಯಮಾಪನದಲ್ಲಿ ‘ಆಕರ್ಷಕ ಔಟ್‌ಪುಟ್’ ಎಂದು ಪ್ರತ್ಯೇಕ ಅಂಕಗಳಿದ್ದವು. ಏಳು ಬಣ್ಣ ಸುರಿದವನಿಗೆ ಪೂರ್ತಿ ಅಂಕ. ತೆರೆಯೋ ಕಡತವೋ ಎಂದು ವಿಚಾರಿಸಿ, ತಪ್ಪಿದ ಸಾಲಿನ ಮುಂದೆ ‘ಫೇಲ್’ ಎಂದು ಬರೆದು, ಒಂದೇ ಬಣ್ಣ ಬಳಸಿದ ಹುಡುಗಿಗೆ ಅರ್ಧ. ನಾನು ಆಕ್ಷೇಪಿಸಿದೆ. ‘ನೋಡಲು ಚೆನ್ನಾಗಿರಬೇಕಲ್ಲ ಮೇಡಂ’ ಎಂದು ಅಂಕ ಹಾಕಿದವರಿಂದ ಉತ್ತರ ಬಂತು. ಅದೇ ಮಧ್ಯಾಹ್ನ ಪೂರ್ತಿ ಅಂಕದ ಆ ಪ್ರೋಗ್ರಾಮಿನ ಔಟ್‌ಪುಟ್ ಅನ್ನು ಕಡತಕ್ಕೆ ಹಾಕಿ ಮುದ್ರಿಸಿ ಅವರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಇನ್ನೂ ಮಾತಿಲ್ಲ.

ಪಠ್ಯಕ್ರಮ ರೂಪಿಸುವವರು ಆ ಅಂಕಗಳನ್ನು ತೆಗೆಯಬೇಕಾಗಿಲ್ಲ, ಹಂಚುವ ಬಗೆಯನ್ನು ಬದಲಿಸಿದರೆ ಸಾಕು. ಪ್ರೋಗ್ರಾಮನ್ನು ಒಮ್ಮೆ ತೆರೆಗೆ, ಒಮ್ಮೆ ಕಡತಕ್ಕೆ, ಒಮ್ಮೆ ‘ನೋ ಕಲರ್’ ಇಟ್ಟು ಓಡಿಸಲಿ. ಮೂರರಲ್ಲೂ ಓದಲು ಬಂದರೆ ಪೂರ್ತಿ ಅಂಕ ಕೊಡಲಿ. ಪರೀಕ್ಷಕರಿಗೆ ಎರಡು ನಿಮಿಷದ ಕೆಲಸ. ನಿಮ್ಮ ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಕಂತಿನಲ್ಲಿ ಅದೇ ಅಂಕಪಟ್ಟಿಯನ್ನು ಕನ್ನಡ ಹೆಸರುಗಳಿಂದ ಮಾಡಿ, ಇಸ್‌ಎಟಿಟಿವೈ ಸಾಲನ್ನೂ ಸೇರಿಸಿ ಪ್ರಕಟಿಸಲಿ. ಲಕ್ಷ್ಮೀ ಎಂಬ ಹೆಸರು ಪಟ್ಟಿಯಲ್ಲಿ ಇರಲೇಬೇಕು.

ಇತಿ,
ಪಾಲಿಟೆಕ್ನಿಕ್ ಬೋಧಕಿ,
ತುಮಕೂರು ಜಿಲ್ಲೆ